ಹಿಟ್ಟನ್ನು ನಂಬದವರು

ಅವರು ಮನುಷ್ಯರನ್ನು ಬೇಗ ನಂಬಿಬಿಡುತ್ತಿದ್ದರು, ಹಿಟ್ಟನ್ನು ಮಾತ್ರ ನಂಬುತ್ತಿರಲಿಲ್ಲ. ಯಾರ ಮನೆಗೇ ಹೋಗಲಿ, ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬ ಕಂಡರೆ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಮುಚ್ಚಳ ತೆಗೆದು ಒಂದು ಚಿಟಿಕೆ ಎತ್ತಿ, ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ, ಕಿಟಕಿಯ ಬೆಳಕಿಗೆ ಹಿಡಿದು, ಕೊನೆಗೆ ಮೂಸಿ ನೋಡುತ್ತಿದ್ದರು. ಆಮೇಲೆ ಒಂದೇ ಪ್ರಶ್ನೆ: "ಯಾವ ಮಿಲ್ಲಿಂದು?" ಮೊದಲ ಸಲ ನಮ್ಮ ಮನೆಯಲ್ಲಿ ಹೀಗೆ ಮಾಡಿ ಹೋದ ಮೇಲೆ ನನ್ನ ಹೆಂಡತಿ ನನ್ನ ಮೇಲೆ ಹಾರಾಡಿದಳು. "ನಮ್ಮನೆ ಹಿಟ್ಟಲ್ಲಿ ಹುಳ ಅದೆ ಅಂತ್ಲಾ ನಿಮ್ಮ ಟೀಚರ್ ನೋಡಿದ್ದು?" ಅವರು ಹುಡುಕುತ್ತಿದ್ದದ್ದು ಹುಳುವನ್ನಲ್ಲ ಎಂದು ಅವಳಿಗೆ ತಿಳಿಯಲು ಕೆಲವು ವರ್ಷ ಬೇಕಾಯಿತು. ತಿಳಿದ ಮೇಲೆ ಅವರು ಬರುವ ಸದ್ದಾದರೆ ತಾನೇ ಡಬ್ಬದ ಮುಚ್ಚಳ ತೆಗೆದಿಡುತ್ತಿದ್ದಳು.

ಕಳೆದ ತಿಂಗಳು ಅವರು ತೀರಿಕೊಂಡರು. ಅಂದಿನಿಂದ ಬೇಕರಿಯ ಮುಂದೆ ಹಾದುಹೋಗುವಾಗೆಲ್ಲ ನನಗೆ ಅವರ ನೆನಪಾಗುತ್ತಿದೆ. ಇದನ್ನು ಕೇಳಿದ್ದರೆ ಅವರಿಗೆ ಖಂಡಿತ ಸಿಟ್ಟು ಬರುತ್ತಿತ್ತು.

ತೊಂಬತ್ತರ ದಶಕದಲ್ಲಿ ಪಾಂಡವಪುರದ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಮೇಷ್ಟ್ರು, ಅವರು ವಿಜ್ಞಾನದ ಟೀಚರ್. ಮನೆಗಳೂ ಅಕ್ಕಪಕ್ಕ, ಎರಡು ಹಿತ್ತಲ ನಡುವೆ ಎದೆಮಟ್ಟದ ಒಂದು ಗೋಡೆ. ಅವರ ಯಜಮಾನರು ಕೆ.ಆರ್.ಪೇಟೆಯ ನೀರಾವರಿ ಕಚೇರಿಯಲ್ಲಿ ಗುಮಾಸ್ತರು. ಬೆಳಗಿನ ಬಸ್ಸು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಮದುವೆಯಾಗಿ ಎಷ್ಟೋ ಕಾಲದ ಮೇಲೆ ಹುಟ್ಟಿದ ಒಬ್ಬಳೇ ಮಗಳು, ಪುಟ್ಟಿ.

ಟೀಚರ್ ಮೊದಲಿಂದಲೂ ಗಾಬರಿಯ ಹೆಂಗಸು. ಬೀಗ ಹಾಕಿ ಸ್ಕೂಲಿನ ಗೇಟಿನವರೆಗೆ ಬಂದು, ಮತ್ತೆ ಹಿಂದಿರುಗಿ ಹೋಗಿ ಬೀಗ ಜಗ್ಗಿ ಬರುತ್ತಿದ್ದರು. ಬಸ್ಸಿನಲ್ಲಿ ಕೂತರೆ ಡ್ರೈವರ್ ಕಣ್ಣು ತೂಗುತ್ತಿದೆಯೇ ಎಂದು ಕನ್ನಡಿಯಲ್ಲಿ ನೋಡುತ್ತಿದ್ದರು. "ಏನೂ ಆಗಲ್ಲ ಬಿಡಿ ಟೀಚರ್" ಎಂದರೆ, "ಆಗಲ್ಲ ಅಂತ ಬರ್ಕೊಡ್ತೀರಾ ಮೇಷ್ಟ್ರೇ?" ಎನ್ನುತ್ತಿದ್ದರು. ಸ್ಟಾಫ್ ರೂಮಿನಲ್ಲಿ ನಾವೆಲ್ಲ ಅದನ್ನು ಹೇಳಿಕೊಂಡು ನಗುತ್ತಿದ್ದೆವು. ಅಂಥ ಗಾಬರಿಗೆ ಒಂದು ಕೆಲಸ ಸಿಕ್ಕಿದರೆ ಏನಾಗುತ್ತದೆ ಎಂದು ನಮಗೆ ಗೊತ್ತಿರಲಿಲ್ಲ.

ಇಲ್ಲಿ ನಮ್ಮ ಸೀಮೆಯ ಒಂದು ಪದ್ಧತಿ ಹೇಳಬೇಕು. ನಮಗೆ ಬ್ರೆಡ್ಡು ಊಟವಲ್ಲ, ತಿಂಡಿಯೂ ಅಲ್ಲ; ಅದು ಕಾಯಿಲೆಯವರ ಆಹಾರ. ಆರೋಗ್ಯವಾಗಿರುವವನು ಮುದ್ದೆ ಉಣ್ಣುತ್ತಾನೆ, ಜ್ವರ ಬಂದವನು ಬ್ರೆಡ್ಡನ್ನು ಹಾಲಿಗೆ ಅದ್ದಿ ತಿನ್ನುತ್ತಾನೆ. ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋದರೆ ಕೈಯಲ್ಲಿ ಒಂದು ಪೌಂಡು ಬ್ರೆಡ್ಡು ಇರಲೇಬೇಕು. ಮಂಚದಲ್ಲಿ ಮಲಗಿದವನಿಗೆ ಎಷ್ಟು ಜನ ಬೇಕಾದವರು ಎಂಬುದು ತಲೆದೆಸೆಯ ಬ್ರೆಡ್ಡಿನ ರಾಶಿ ನೋಡಿದರೇ ತಿಳಿಯುತ್ತಿತ್ತು. ಅಂಗಡಿಯಲ್ಲಿ ಬ್ರೆಡ್ಡು ಕೇಳಿದರೆ ಅಂಗಡಿಯವನು "ಯಾರಿಗೆ ಉಸಾರಿಲ್ಲ?" ಎಂದು ವಿಚಾರಿಸಿಯೇ ಕೊಡುತ್ತಿದ್ದ.

ಪುಟ್ಟಿಗೆ ಮೂರು ತುಂಬುವ ಹೊತ್ತಿಗೆ ಒಂದು ಜ್ವರ ಬಂತು. ಮುದ್ದೆ ಭಾರ, ಅನ್ನ ಶೀತ ಎಂದು ಎಲ್ಲರೂ ಹೇಳಿದರು. ಬ್ರೆಡ್ಡು ಹಾಲು ಶುರುವಾಯಿತು. ಜ್ವರ ಹೋಯಿತು, ಹೊಟ್ಟೆ ಕೆಟ್ಟಿತು. ಹೊಟ್ಟೆ ಕೆಟ್ಟಿದೆಯಲ್ಲ ಎಂದು ಮತ್ತೆ ಬ್ರೆಡ್ಡು. ಒಂದು ಸಲ ಟೀಚರ್ ಬೇಕರಿಯೊಂದರ ಹಿಂಬಾಗಿಲಿನಿಂದ ಇಣುಕಿ ನೋಡಿಬಿಟ್ಟರು. ಬರಿಮೈಯ ಆಳು ಬೆವರು ಸುರಿಸುತ್ತ ಮೈದಾ ನಾದುತ್ತಿದ್ದನಂತೆ. ಬಂದವರೇ ಗೋಡೆಯ ಹತ್ತಿರ ನಿಂತು ಘೋಷಿಸಿದರು. "ಇನ್ಮೇಲೆ ನನ್ನ ಮಗೂಗೆ ಬ್ರೆಡ್ ನಾನೇ ಮಾಡ್ತೀನಿ ಮೇಷ್ಟ್ರೇ. ಮೈದಾ ಅಂದ್ರೆ ಏನು? ಗೋಧೀಲಿರೋ ಸತ್ವ ಎಲ್ಲ ದನಕ್ಕೆ ಹಾಕ್ಬುಟ್ಟು ಉಳಿದ ಬಿಳೀ ಪುಡಿ. ಅದನ್ನ ತಿಂದ್ರೆ ಮಗು ಸೊರಗ್ದೆ ಇನ್ನೇನಾಯ್ತದೆ?"

ಮೈಸೂರಿನಿಂದ ದುಂಡನೆಯ ಕರೆಂಟಿನ ಓವನ್ನು ಬಂತು, ಮುಚ್ಚಳದಲ್ಲಿ ಗಾಜಿನ ಕಿಟಕಿ ಇರುವಂಥದು. ಅದು ಬಂದ ವಾರವೇ ಕರೆಂಟು ಹೋಗಲು ಶುರುವಾಯಿತು. ಬ್ರೆಡ್ಡು ಅರ್ಧ ಬೆಂದು ನಿಲ್ಲುತ್ತಿತ್ತು. ಟೀಚರ್ ಸೋಲಲಿಲ್ಲ. ಯಜಮಾನರನ್ನು ಭಾನುವಾರ ಕರಿಘಟ್ಟದ ಕಡೆಗೆ ಅಟ್ಟಿ ಲೋಕಪಾವನಿ ಹೊಳೆಯ ಮರಳು ತರಿಸಿ, ಜರಡಿ ಹಿಡಿದು, ತೊಳೆದು, ಒಣಗಿಸಿ, ಅಗಲವಾದ ಅಲ್ಯೂಮಿನಿಯಂ ಪಾತ್ರೆಗೆ ತುಂಬಿ ಸೀಮೆಎಣ್ಣೆ ಸ್ಟೌವಿನ ಮೇಲಿಟ್ಟರು. ಮರಳು ಕಾದ ಮೇಲೆ ಅದರೊಳಗೆ ಹಿಟ್ಟಿನ ಡಬ್ಬ. ಬ್ರೆಡ್ಡು ಬೇಯುವ ವಾಸನೆ ನಮ್ಮ ಹಿತ್ತಲಿಗೂ ಬರುತ್ತಿತ್ತು.

ಸಾಮಾನಿನ ಆಯ್ಕೆಯಲ್ಲಿ ಅವರದು ಹೆಣ್ಣು ನೋಡುವವರ ಬಿಗಿ. ಸಕ್ಕರೆ ಬೇಡ, ಬೆಲ್ಲ ಆಗಬೇಕು. ಬೆಲ್ಲದಲ್ಲೂ ಹಳದಿಯಾಗಿ ಹೊಳೆಯುವುದು ಬೇಡ, ಅದಕ್ಕೆ ಪುಡಿ ಹಾಕಿ ಬಣ್ಣ ಬರಿಸುತ್ತಾರೆ, ಆಲೆಮನೆಯಿಂದ ನೇರ ಬಂದ ಕಪ್ಪು ಬೆಲ್ಲವೇ ಆಗಬೇಕು. ಡಾಲ್ಡಾ ಬೇಡ, ಬೆಣ್ಣೆ. ಹಿಟ್ಟು ಹುದುಗಲು ಯೀಸ್ಟು ಸಿಗದಿದ್ದಾಗ ಹಳೆಯ ಕಾಲದವರು ಹೆಂಡ ಹಾಕುತ್ತಿದ್ದರೆಂದು ಎಲ್ಲೋ ಓದಿಕೊಂಡು ಬಂದು ನನ್ನ ಮುಖ ನೋಡಿದರು. "ನಾನು ಹೆಂಗಸು, ಹೆಂಡದಂಗಡಿಗೆ ಎಂಗೋಗ್ಲಿ ಮೇಷ್ಟ್ರೇ?" ಹಳಗನ್ನಡ ಪಾಠ ಮಾಡುವ ಮನುಷ್ಯ, ಟಿಫನ್ ಕ್ಯಾರಿಯರ್ ಹಿಡಿದು ಹೆಂಡದಂಗಡಿಯ ಮುಂದೆ ನಿಂತೆ. ಹತ್ತನೇ ಕ್ಲಾಸಿನ ಹುಡುಗನೊಬ್ಬನ ಅಪ್ಪ ಅಲ್ಲಿ ಕೂತಿದ್ದವನು ಎದ್ದು ನಮಸ್ಕಾರ ಮಾಡಿದ. "ಬ್ರೆಡ್ಡಿಗೆ ಕಣಪ್ಪ" ಎಂದೆ. "ಆಗ್ಲಿ ಬುಡಿ ಮೇಷ್ಟ್ರೇ, ಎಲ್ರೂ ಏನಾದ್ರೂ ಒಂದ್ ಏಳ್ತಾರೆ" ಎಂದ. ಆವತ್ತು ಹೋದ ಮಾನ ಇನ್ನೂ ನನಗೆ ಪೂರ್ತಿ ವಾಪಸ್ಸು ಬಂದಿಲ್ಲ.

ಆದರೆ ನಗುವಿನ ಕಾಲ ಬೇಗ ಮುಗಿಯಿತು. ಪುಟ್ಟಿ ಸೊರಗುತ್ತಿದ್ದಳು. ಐದು ತುಂಬಿದ ಮಗು ಮೂರರ ಮಗುವಿನಷ್ಟೇ ಇತ್ತು. ಹೊಟ್ಟೆ ಡೊಳ್ಳು, ಕೈಕಾಲು ಕಡ್ಡಿ. ಕೂದಲು ಕೈಗೆ ಬರುತ್ತಿತ್ತು. ದಿನಕ್ಕೆ ಎಷ್ಟೋ ಸಲ ಹಿತ್ತಲಿಗೆ ಓಡುವುದು, ಬಂದು ಸುಮ್ಮನೆ ಗೋಡೆಗೊರಗಿ ಕೂರುವುದು. ಜಂತುಹುಳು ಎಂದು ಒಬ್ಬ ಡಾಕ್ಟರು, ನೀರಿನ ದೋಷ ಎಂದು ಇನ್ನೊಬ್ಬರು. ಯಾವ ಔಷಧಿಯೂ ಹಿಡಿಯಲಿಲ್ಲ. ನಾಗಮಂಗಲ ತಾಲ್ಲೂಕಿನ ಹಳ್ಳಿಯಿಂದ ಬರುತ್ತಿದ್ದ ಅತ್ತೆ, ಅಂದರೆ ಪುಟ್ಟಿಯ ಅಜ್ಜಿ, ದೃಷ್ಟಿ ತೆಗೆದು ತೆಗೆದು ಮೆಣಸಿನಕಾಯಿ ಖಾಲಿ ಮಾಡಿದರು.

ಟೀಚರಿಗೆ ಗೊತ್ತಿದ್ದದ್ದು ಒಂದೇ ದಾರಿ: ಬ್ರೆಡ್ಡನ್ನು ಇನ್ನೂ ಒಳ್ಳೆಯದು ಮಾಡುವುದು. ಉಬ್ಬಲೆಂದು ಗೋಧಿ ಹಿಟ್ಟಿಗೆ ಬೆರೆಸುತ್ತಿದ್ದ ಚೂರು ಮೈದಾವನ್ನೂ ಬಿಟ್ಟು ಇಡೀ ಗೋಧಿಯ ಹಿಟ್ಟಿಗೆ ಬಂದರು. ಅದು ಸಾಲದೆಂದು ಗೋಧಿಯ ತವುಡನ್ನು ಬೇರೆ ಬೆರೆಸಿದರು. ಆಮೇಲೆ ಗೋಧಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಪುಡಿ ಮಾಡಿ ಸೇರಿಸಿದರು. ಸ್ಕೂಲಿನಿಂದ ಬಂದವರು ಸೀರೆ ಬದಲಿಸದೆ ಹಿಟ್ಟು ನಾದಲು ಕೂರುತ್ತಿದ್ದರು. ಬ್ರೆಡ್ಡು ವಾರದಿಂದ ವಾರಕ್ಕೆ ಸತ್ವಯುತವಾಗುತ್ತ ಹೋಯಿತು, ಮಗು ವಾರದಿಂದ ವಾರಕ್ಕೆ ಇಳಿಯುತ್ತ ಹೋಯಿತು. ಆ ದಿನಗಳಲ್ಲಿ ಅವರ ಮನೆಯ ಕಡೆಗೆ ಕಿವಿ ಕೊಡಲು ನನಗೆ ಭಯವಾಗುತ್ತಿತ್ತು. ಬೆಳಿಗ್ಗೆ ಪುಟ್ಟಿಯ ದನಿ ಕೇಳಿಸುವವರೆಗೆ ನನ್ನ ಹೆಂಡತಿ ಕಾಫಿಗೆ ಇಡುತ್ತಿರಲಿಲ್ಲ.

ಎಸ್ಸೆಸ್ಸೆಲ್ಸಿ ಪೇಪರು ನೋಡಲು ಟೀಚರನ್ನು ಮೈಸೂರಿಗೆ ಹಾಕಿದರು. ಬಿಡುವಂತಿಲ್ಲ. ಅಜ್ಜಿ ಬಂದು ಪುಟ್ಟಿಯನ್ನು ಹಳ್ಳಿಗೆ ಕರೆದುಕೊಂಡು ಹೋದರು. ಹಳ್ಳಿ ಇದ್ದದ್ದು ಚುಂಚನಗಿರಿಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಬಹಳ ಒಳಗೆ. ಟೀಚರ್ ಕೊಟ್ಟು ಕಳಿಸಿದ ಬ್ರೆಡ್ಡು ಬಸ್ಸಿನ ಸೆಕೆಗೆ ಬೂಷ್ಟು ಹಿಡಿಯಿತು, ಅಜ್ಜಿ ಅದನ್ನು ಎಮ್ಮೆಗೆ ಹಾಕಿದರು. ಅಲ್ಲಿ ಬೇಕರಿಯಿಲ್ಲ, ಗೋಧಿ ಬೆಳೆಯುವವರೂ ಇಲ್ಲ. ಪುಟ್ಟಿ ಅಜ್ಜಿಯೊಂದಿಗೆ ಮುದ್ದೆ, ಉಪ್ಸಾರು, ಅನ್ನ ಮಜ್ಜಿಗೆ ಉಂಡುಕೊಂಡಿದ್ದಳು.

ಕೆಲಸ ಮುಗಿಸಿ ಟೀಚರ್ ಊರಿಗೆ ಬಂದರು. ಮಾರನೆಯ ದಿನ ಅಜ್ಜಿ ಮೊಮ್ಮಗಳನ್ನು ಕರೆತಂದರು. ಗೋಡೆಯ ಈಚೆಯಿಂದ ನಾನೇ ನೋಡಿದೆ. ಪುಟ್ಟಿ ನಡೆದುಕೊಂಡು ಬರಲಿಲ್ಲ, ಓಡಿಕೊಂಡು ಬಂದಳು. ಕೆನ್ನೆಯಲ್ಲಿ ರಕ್ತ ಕಾಣುತ್ತಿತ್ತು.

"ನೋಡವ್ವಾ, ತಾಯ್ತ ಕಟ್ಟಿಸ್ದೆ, ಮಗ ಎಂಗಾಗದೆ ನೋಡು!" ಎಂದರು ಅಜ್ಜಿ. "ನಿನ್ ಡಾಕ್ಟ್ರು ಗೀಕ್ಟ್ರು ಎಲ್ಲ ಬುಟ್ಟಾಕು. ದೇವ್ರು ಕಣ್ ಬುಟ್ಟವ್ನೆ." ಎಂದವರೇ ಸೆರಗಿನ ಗಂಟಿನಿಂದ ಒಂದು ಪೊಟ್ಟಣ ತೆಗೆದರು. "ಇಕಾ, ನಾಗಮಂಗ್ಲದ ಬಸ್ಟಾಂಡಲ್ಲಿ ರಸ್ಕು ತಕಂಡೆ. ಮಗೀಗೆ ಹಾಲಲ್ಲಿ ಅದ್ಕೊಡು, ಉಸಾರಾಯ್ತಳೆ."

ಆ ಸಂತೋಷಕ್ಕೆ ಟೀಚರ್ ಮಾರನೆಯ ದಿನವೇ ಬ್ರೆಡ್ಡು ಮಾಡಿದರು. ಇಡೀ ಗೋಧಿ, ಮೊಳಕೆಯ ಪುಡಿ, ಕಪ್ಪು ಬೆಲ್ಲ, ಮನೆಯ ಬೆಣ್ಣೆ. ಅಷ್ಟು ಚೆನ್ನಾಗಿ ಉಬ್ಬಿದ ಬ್ರೆಡ್ಡು ಅವರ ಕೈಯಲ್ಲಿ ಅದುವರೆಗೆ ಬಂದಿರಲಿಲ್ಲ. ಗೋಡೆಯ ಮೇಲಿಂದ ನಮಗೂ ಕೊಟ್ಟರು. ಪುಟ್ಟಿ ಕೇಳಿ ಕೇಳಿ ಹಾಕಿಸಿಕೊಂಡು ತಿಂದಳು.

ವಾರ ತಿರುಗುವಷ್ಟರಲ್ಲಿ ಮಗು ಮತ್ತೆ ಗೋಡೆಗೊರಗಿ ಕೂತಿತು.

ಆವತ್ತು ಸಂಜೆ ಟೀಚರ್ ಹಿತ್ತಲ ಗೋಡೆಯ ಹತ್ತಿರ ಬಂದು ನಿಂತರು. ಕೈಯಲ್ಲಿ ಉಳಿದ ಅರ್ಧ ಬ್ರೆಡ್ಡು. ಅಳುತ್ತಿರಲಿಲ್ಲ. ಮಕ್ಕಳಿಗೆ ಪಾಠ ಹೇಳುವ ಹಾಗೆ ಒಂದೊಂದಾಗಿ ಹೇಳಿದರು.

"ತಾಯತ ಅಲ್ಲೂ ಇತ್ತು, ಇಲ್ಲೂ ಅದೆ. ಹಾಲು ಅಲ್ಲೂ ಕುಡುದ್ಲು, ಇಲ್ಲೂ ಕುಡೀತಾಳೆ. ಅಲ್ಲಿ ಬಾವಿ ನೀರು, ಇಲ್ಲಿ ಕಾಯಿಸಿದ್ದು. ಅಲ್ಲಿ ಇಲ್ದೆ ಇದ್ದದ್ದು ಇಲ್ಲಿರೋದು ಇದೊಂದೇ ಮೇಷ್ಟ್ರೇ." ಬ್ರೆಡ್ಡನ್ನು ಗೋಡೆಯ ಮೇಲಿಟ್ಟರು. "ಬೇಲಿನೇ ಎದ್ದು ಹೊಲ ಮೇಯ್ತು."

ನನಗೆ ನಂಬಿಕೆ ಬರಲಿಲ್ಲ. "ಗೋಧಿ ತಿಂದು ಯಾರಿಗಾದ್ರೂ ಕಾಯಿಲೆ ಬರುತ್ತಾ ಟೀಚರ್? ಇಡೀ ಉತ್ತರ ಭಾರತ ಬದುಕಿರೋದೇ ಅದರ ಮೇಲೆ" ಎಂದೆ.

"ಇಡೀ ಉತ್ತರ ಭಾರತ ಕಟ್ಕೊಂಡು ನಾನೇನ್ಮಾಡ್ಲಿ?" ಎಂದರು. "ನಂಗೆ ನನ್ನ ಮಗಳೊಬ್ಬಳು ಉಳುದ್ರೆ ಸಾಕು."

ಮೈಸೂರಿನ ವಯಸ್ಸಾದ ಡಾಕ್ಟರೊಬ್ಬರು ಅವರ ಮಾತನ್ನು ನಗದೆ ಕೇಳಿದರಂತೆ. ಕೆಲವು ಮಕ್ಕಳ ಕರುಳಿಗೆ ಗೋಧಿಯಲ್ಲಿರುವ ಅಂಟಿನಂಥ ಸತ್ವ ಆಗುವುದಿಲ್ಲ, ಅಪರೂಪ, ಆದರೆ ಉಂಟು ಎಂದರಂತೆ. ಕರುಳಿನ ಪರೀಕ್ಷೆ ಮಾಡಿಸಲು ಬಹಳ ದೂರ ಹೋಗಬೇಕು. ಸದ್ಯಕ್ಕೆ ಗೋಧಿ ಪೂರ್ತಿ ನಿಲ್ಲಿಸಿ. ಮಗು ಸುಧಾರಿಸಿದರೆ ಕೆಲವು ತಿಂಗಳ ಮೇಲೆ ಮತ್ತೆ ಗೋಧಿ ಕೊಟ್ಟು ನೋಡೋಣ, ಆಗ ಖಚಿತವಾಗುತ್ತದೆ ಎಂದರು. ಟೀಚರಿಗೆ ಆ ಎರಡನೆಯ ಮಾತು ಎದೆಗೆ ಚುಚ್ಚಿತು. ಬಸ್ಸಿಳಿದು ಬಂದವರು ಅದನ್ನೇ ಹೇಳುತ್ತಿದ್ದರು: "ಮತ್ತೆ ಕೊಟ್ಟು ನೋಡೋಣ ಅಂತಾರಲ್ಲ. ನನ್ನ ಮಗಳೇನು ಪ್ರನಾಳವಾ?"

ಗೋಧಿ ನಿಂತಿತು. ಮಗು ಚೇತರಿಸಿತು. ಎಲ್ಲರೂ ಉಸಿರು ಬಿಟ್ಟೆವು. ಆದರೆ ಒಂದು ದಿನ ಇದ್ದಕ್ಕಿದ್ದಂತೆ ಮತ್ತೆ ಅದೇ ಭೇದಿ, ಅದೇ ಹೊಟ್ಟೆ. ಮನೆಯಲ್ಲಿ ಗೋಧಿಯ ಕಾಳೂ ಇರಲಿಲ್ಲ. ಟೀಚರ್ ಅಷ್ಟು ಹೆದರಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. "ಅಂಗಾದ್ರೆ ಗೋಧಿ ಅಲ್ವೇನೋ ಮೇಷ್ಟ್ರೇ. ಇನ್ನೇನೋ ಅದೆ. ಇನ್ನು ಎಲ್ಲಿ ಹುಡುಕ್ಲಿ ನಾನು?" ಅಜ್ಜಿ ತಾಯತದ ದಾರ ಹಳೆಯದಾಗಿದೆ ಎಂದು ಹೊಸ ದಾರ ಹಾಕಿದರು. ಟೀಚರ್ ಬೇಡವೆನ್ನಲಿಲ್ಲ. ಆ ಹೊತ್ತಿನಲ್ಲಿ ಅವರು ಯಾವುದನ್ನೂ ಬೇಡವೆನ್ನುವ ಸ್ಥಿತಿಯಲ್ಲಿರಲಿಲ್ಲ.

ಹಿಡಿದು ಕೊಟ್ಟದ್ದು ಅವರ ಬೆರಳು. ಮುದ್ದೆಗೆಂದು ಹೊಸದಾಗಿ ಬೀಸಿ ತಂದಿದ್ದ ರಾಗಿ ಹಿಟ್ಟನ್ನು ಎಂದಿನ ಅಭ್ಯಾಸದಂತೆ ಉಜ್ಜಿ ಬೆಳಕಿಗೆ ಹಿಡಿದಾಗ ಅದರಲ್ಲಿ ಅಲ್ಲಲ್ಲಿ ಬಿಳಿಯ ಗೆರೆ ಕಂಡಿತು. ಅದೇ ಡಬ್ಬ ಎತ್ತಿಕೊಂಡು ಮಿಲ್ಲಿಗೆ ಹೊರಟರು. ಮುಖ ನೋಡಿ ನಾನೂ ಹಿಂದೆ ಹೋದೆ. ಮಿಲ್ಲಿನವರು ಮೈಯೆಲ್ಲ ಹಿಟ್ಟಾಗಿ ನಿಂತಿದ್ದರು, ಮುಂದೆ ಡಬ್ಬಗಳ ಸಾಲು.

"ನನ್ನ ರಾಗಿಗಿಂತ ಮುಂಚೆ ಏನು ಬೀಸಿದ್ರಿ?"

"ನೆನಪಿಲ್ಲ ಕಣ್ರವ್ವಾ. ಗೋದಿ ಇರ್ಬೋದು. ಚಪಾತಿ ಮಾಡೋರು ಈಗೀಗ ಜಾಸ್ತಿಯಾಗವ್ರೆ."

"ಕಲ್ಲು ಒರಸಲ್ವಾ?"

"ಅಯ್ಯೋ, ಒರ್ಸದೆಲ್ಲಿ ಬಂತು! ಮುಂದ್ಲೋರ ಇಟ್ಟು ಒಂದ್ ಇಡಿ ಇಂದ್ಲೋರ್ಗೆ ಓಯ್ತದೆ, ಇಂದ್ಲೋರ್ದು ಅವ್ರ್ ಇಂದ್ಲೋರ್ಗೆ. ಯಾರ್ಗೂ ಲಾಸಿಲ್ಲ" ಎಂದು ಆ ಮನುಷ್ಯ ನಕ್ಕರು. ಅವರ ತಪ್ಪೇನೂ ಇರಲಿಲ್ಲ. ಊರಿಗೆ ಊರೇ ಹಾಗೆ ಒಬ್ಬರ ಹಿಟ್ಟನ್ನು ಒಬ್ಬರು ತಿಂದುಕೊಂಡು ಚೆನ್ನಾಗಿತ್ತು.

ಟೀಚರ್ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. ನಾನು ಬೈಗುಳ ಬರುತ್ತದೆಂದು ಕಾದಿದ್ದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು, "ಗೋಧಿನೇ ಮೇಷ್ಟ್ರೇ" ಎಂದರು. "ಡಾಕ್ಟ್ರು ಕೊಟ್ಟು ನೋಡೋಣ ಅಂದಿದ್ರಲ್ಲ, ಆ ಪರೀಕ್ಷೆನ ಮಿಲ್ಲೇ ಮಾಡ್ಬುಡ್ತು. ಇನ್ನು ಯಾರೂ ಮಾಡ್ಬೇಕಾಗಿಲ್ಲ." ಮೈಸೂರಿನ ಡಾಕ್ಟರಿಗೂ ಇದನ್ನೇ ಹೇಳಿದರಂತೆ, ಅವರೂ ಒಪ್ಪಿದರಂತೆ.

ಅಂದಿನಿಂದ ಅವರ ಗಾಬರಿ ಒಂದು ಶಿಸ್ತಾಯಿತು. ಹಳ್ಳಿಯಿಂದ ಬೀಸುವ ಕಲ್ಲು ತರಿಸಿಕೊಂಡು ಸ್ಕೂಲಿಗೆ ಹೋಗುವ ಮುಂಚೆ ಬೀಸುತ್ತಿದ್ದರು. ಅಂಗಡಿಯ ಇಂಗಿನಲ್ಲೂ ಮೈದಾ ಬೆರೆಸುತ್ತಾರೆಂದು ಕಂಡುಹಿಡಿದು ಇಂಗು ಬಿಟ್ಟರು. ಮದುವೆಮನೆಯಲ್ಲಿ ಪಾಯಸದ ಶಾವಿಗೆ ಯಾವುದರದೆಂದು ಅಡುಗೆಭಟ್ಟರನ್ನು ಕೇಳಿ ಬೈಸಿಕೊಂಡರು. ಯಾರಾದರೂ ಪುಟ್ಟಿಯ ಕೈಗೆ ಬಿಸ್ಕತ್ತು ಕೊಟ್ಟರೆ ಕಿತ್ತುಕೊಳ್ಳುತ್ತಿದ್ದರು. ಕೆಲವರು ಮಾತು ಬಿಟ್ಟರು. "ಕಣ್ಣಿಗೆ ಎಣ್ಣೆ ಬಿಟ್ಕಂಡು ಕಾಯ್ತಾಳೆ ನನ್ ಸೊಸೆ" ಎಂದು ಅಜ್ಜಿ ಹೇಳುವುದರಲ್ಲಿ ಹೆಮ್ಮೆ ಎಷ್ಟು, ದೂರು ಎಷ್ಟು ಎಂದು ಬಿಡಿಸಲು ಆಗುತ್ತಿರಲಿಲ್ಲ.

ಸ್ಕೂಲಿನ ಮಕ್ಕಳನ್ನು ಕರಿಘಟ್ಟಕ್ಕೆ ಕರೆದುಕೊಂಡು ಹೋದಾಗ ಟೀಚರ್ ಪುಟ್ಟಿಯನ್ನೂ ಕರೆತಂದಿದ್ದರು. ಮೆಟ್ಟಿಲಿಳಿದು ಬಂದ ಮೇಲೆ ಎಲ್ಲರಿಗೂ ಬನ್ನು, ಬಾಳೆಹಣ್ಣು ಹಂಚಿದೆವು. ಪುಟ್ಟಿಯ ಕೈಗೆ ಬಾಳೆಹಣ್ಣು ಮಾತ್ರ. ಅವಳು ಹಟ ಮಾಡಲಿಲ್ಲ. ಪಕ್ಕದ ಹುಡುಗಿಯ ಬನ್ನಿನ ಹತ್ತಿರ ಮೂಗು ತಂದು ಒಮ್ಮೆ ವಾಸನೆ ನೋಡಿ, "ಚೆನ್ನಾಗದೆ ಅಲ್ವಾಮ್ಮ?" ಎಂದಳು. ಟೀಚರ್ ಹೊಳೆಯ ಕಡೆ ತಿರುಗಿ ನಿಂತರು.

ಮರಳಿನ ಪಾತ್ರೆ ಮತ್ತೆ ಅಟ್ಟದಿಂದ ಇಳಿಯಿತು. ಗೋಧಿಯಿಲ್ಲದ ಬ್ರೆಡ್ಡು ಮಾಡುವ ಹಟ. ರಾಗಿ ಹಿಟ್ಟು ಉಬ್ಬಲಿಲ್ಲ, ಬಿರಿಯಿತು. ಅಕ್ಕಿ ಹಿಟ್ಟು ಪುಡಿಯಾಯಿತು. ಬೇಯಿಸಿದ ಗೆಣಸು ಬೆರೆಸಿದರೆ ಅಂಟಿಕೊಂಡು ಕೂತಿತು. ಸ್ಟಾಫ್ ರೂಮಿಗೆ ತಂದದ್ದನ್ನು ಮೇಜಿಗೆ ಕುಟ್ಟಿ ಸದ್ದು ಮಾಡಿ, "ಟೀಚರ್, ಮನೆ ಕಟ್ಟೋಕೆ ಇನ್ನೆಷ್ಟು ಬೇಕು?" ಎಂದು ನಾನೇ ತಮಾಷೆ ಮಾಡಿದ್ದೆ. ಅವರೂ ನಕ್ಕರು, ಮರುದಿನ ಇನ್ನೊಂದು ತಂದರು. ಕೊನೆಗೆ ಹೊಳೆದದ್ದು ಇಡ್ಲಿಯ ದಾರಿ. ಗೋಧಿಯ ಅಂಟು ಮಾಡುವ ಕೆಲಸವನ್ನು ಉದ್ದು ಮಾಡೀತು ಎಂದು ಅಕ್ಕಿ ಉದ್ದು ನೆನೆಸಿ ರುಬ್ಬಿ, ಹುಳಿ ಬರಿಸಿ, ರಾಗಿ ಹಿಟ್ಟೂ ಕಪ್ಪು ಬೆಲ್ಲವೂ ಸೇರಿಸಿ ಮರಳಲ್ಲಿ ಬೇಯಿಸಿದರು. ಅದು ಉಬ್ಬಿತು. ಕುಯ್ದರೆ ಹೋಳಾಯಿತು. ಬೇಕರಿಯವನು ನೋಡಿದ್ದರೆ ಅದನ್ನು ಬ್ರೆಡ್ಡು ಎನ್ನುತ್ತಿರಲಿಲ್ಲ. ಪುಟ್ಟಿ ಎಂದಳು, ಅಷ್ಟು ಸಾಕಾಗಿತ್ತು.

ಆಮೇಲೆ ನನಗೆ ಶ್ರೀರಂಗಪಟ್ಟಣಕ್ಕೆ ವರ್ಗವಾಯಿತು. ಹಬ್ಬಕ್ಕೆ, ಮದುವೆಗೆ ಭೇಟಿ. ಪುಟ್ಟಿ ಓದಿ ಕೃಷಿ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದಳು, ಈಗ ಎರಡು ಮಕ್ಕಳ ತಾಯಿ. ಮದುವೆಯ ದಿನ ಟೀಚರ್ ಮಗಳ ಜೊತೆ ಬೀಸುವ ಕಲ್ಲನ್ನೂ ಕಾರಿಗೆ ಹಾಕಿಸಿದ್ದನ್ನು ಬೀಗರು ಇಂದಿಗೂ ಹೇಳಿಕೊಂಡು ನಗುತ್ತಾರೆ.

ಅವರನ್ನು ಕೊನೆಯ ಸಲ ನೋಡಿದ್ದು ಮೈಸೂರಿನ ಆಸ್ಪತ್ರೆಯಲ್ಲಿ. ನಾನು ನೆನಪಿಟ್ಟುಕೊಂಡು ಎಳನೀರು ಒಯ್ದಿದ್ದೆ. ಆದರೆ ಊರು ತನ್ನ ಪದ್ಧತಿ ಬಿಟ್ಟಿರಲಿಲ್ಲ. ಹಳೆಯ ಶಿಷ್ಯರು, ನೆಂಟರು, ಬೀದಿಯವರು ಎಲ್ಲರೂ ಬಂದು ಹೋಗಿದ್ದರು. ತಲೆದೆಸೆಯ ಮೇಜಿನ ಮೇಲೆ ಬ್ರೆಡ್ಡಿನ ರಾಶಿ ಬಿದ್ದಿತ್ತು. ಮಂಚದ ಪಕ್ಕದಲ್ಲಿ ಪುಟ್ಟಿ. ಟೀಚರಿಗೆ ನನ್ನ ಗುರುತು ಸಿಕ್ಕಿತೋ ಇಲ್ಲವೋ ತಿಳಿಯಲಿಲ್ಲ. ಅವರ ಕಣ್ಣು ಆ ರಾಶಿಯ ಮೇಲೆಯೇ ಇತ್ತು.

ಎಳನೀರು ಇಡಲು ಜಾಗ ಮಾಡುವುದಕ್ಕೆಂದು ಪುಟ್ಟಿ ಬ್ರೆಡ್ಡಿನ ಪೊಟ್ಟಣಗಳನ್ನು ಎತ್ತಿ ಕಿಟಕಿಯ ಕಟ್ಟೆಗಿಟ್ಟಳು. ಟೀಚರ್ ತುಟಿ ಅಲುಗಿಸಿದರು. ಪುಟ್ಟಿ ಬಗ್ಗಿದಳು.

"ಕೈ ಕೊಡು."

ಪುಟ್ಟಿ ಕೈ ಚಾಚಿದಳು. ಸೂಜಿ ಚುಚ್ಚಿ ಊದಿಕೊಂಡಿದ್ದ ಕೈಯಲ್ಲಿ ಟೀಚರ್ ಮಗಳ ಬೆರಳ ತುದಿಗಳನ್ನು ಒಂದೊಂದಾಗಿ ಹಿಡಿದು ಹೆಬ್ಬೆರಳಿನಿಂದ ಉಜ್ಜಿದರು, ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು.

"ತೊಳ್ಕೊಂಡು ಬಾ."

"ಪ್ಯಾಕೆಟ್ಟು ಒಡ್ದಿಲ್ಲ ಕಣಮ್ಮ, ಬರೀ ಎತ್ತಿಟ್ಟೆ ಅಷ್ಟೆ."

"ತೊಳ್ಕೊಂಡು ಬಾ."

ಪುಟ್ಟಿ ಎದ್ದು ಹೋಗಿ ಸೋಪು ಹಾಕಿ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದು ಮತ್ತೆ ಕೈ ಚಾಚಿದಳು. ಟೀಚರ್ ಮತ್ತೆ ಉಜ್ಜಿ ನೋಡಿದರು. ಏನೂ ಇರಲಿಲ್ಲ. ಆ ಕೈಯನ್ನು ಅವರು ಈ ಸಲ ಬಿಡಲಿಲ್ಲ.